ಕುಸಿಯುವ ಗುಡ್ಡದಡಿ ಬದುಕು ಕಟ್ಟಿಕೊಂಡ ಮೇರಿ ಆ್ಯನಿಂಗ್

1833ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಪಟ್ಟಣದ ಬಳಿ ಕಡಲಂಚಿನ ಗುಡ್ಡವೊಂದು ಏಕಾಏಕಿ ಕುಸಿಯಿತು. ಅದರಡಿ ಸಿಲುಕಿ ಸತ್ತದ್ದು ಟ್ರೇ ಎಂಬ ಹೆಸರಿನ ನಾಯಿ. ಅದರ ಒಡತಿ ಕೆಲವೇ ಹೆಜ್ಜೆಗಳ ಅಂತರದಲ್ಲಿ ಪಾರಾದಳು. ಆಕೆಯೇ ಮೇರಿ ಆ್ಯನಿಂಗ್. ತನ್ನ ಕಣ್ಣೆದುರೇ ಕ್ಷಣಮಾತ್ರದಲ್ಲಿ ನಡೆದುಹೋದ ಈ ಸಾವನ್ನು ಆಕೆ ಗೆಳತಿಯೊಬ್ಬಳಿಗೆ ಪತ್ರದಲ್ಲಿ ತಿಳಿಸಿದಳು. ಬಳಿಕವೂ ಅದೇ ಗುಡ್ಡಗಳ ಬುಡದಲ್ಲಿ ದುಡಿಯುತ್ತಲೇ ಇದ್ದಳು. ಆಕೆಗೆ ಅನ್ನ ಕೊಡುತ್ತಿದ್ದುದು ಆ ಕುಸಿತವೇ.

ಲೈಮ್ ಪರಿಸರದ ಗುಡ್ಡಗಳಲ್ಲಿ ಸುಣ್ಣದ ಕಲ್ಲು ಮತ್ತು ಜೇಡಿಯ ತೆಳು ಪದರಗಳು ಒಂದರ ಮೇಲೊಂದು ಹಾಸಿಕೊಂಡಿವೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಅವು ಸಮುದ್ರದ ತಳದ ಕೆಸರಾಗಿದ್ದವು. ಚಳಿಗಾಲದ ಮಳೆಗೆ ಜೇಡಿ ನೆನೆದು ಜಾರುತ್ತದೆ, ಅಲೆಗಳು ಬುಡವನ್ನು ಕೊರೆಯುತ್ತವೆ. ಒಳಗೆ ಹುದುಗಿದ್ದ ಪಳೆಯುಳಿಕೆಗಳು ಆಗ ದಡಕ್ಕೆ ಬೀಳುತ್ತವೆ. ಹೆಕ್ಕಿಕೊಳ್ಳುವವರು ಇಲ್ಲದಿದ್ದರೆ ಕೆಲವೇ ಉಬ್ಬರಗಳಲ್ಲಿ ಅವೂ ಪುಡಿಯಾಗುತ್ತವೆ. ಆದ್ದರಿಂದ ಸಂಗ್ರಾಹಕರಿಗೆ ಅತ್ಯಂತ ಫಲ ಕೊಡುವ ಕಾಲವೇ ಅತ್ಯಂತ ಅಪಾಯದ ಕಾಲವೂ ಹೌದು. ಮುಂದೆ ಕುಸಿಯುವ ಗುಡ್ಡ, ಹಿಂದೆ ಏರಿ ಬರುವ ಕಡಲು.

ಮೇರಿ ಹುಟ್ಟಿದ್ದು 1799ರ ಮೇ 21ರಂದು. ಹದಿನೈದು ತಿಂಗಳ ಕೂಸಾಗಿದ್ದಾಗ ಸಿಡಿಲು ಬಡಿದು, ಆಕೆಯನ್ನು ಎತ್ತಿಕೊಂಡಿದ್ದ ಮಹಿಳೆಯೂ ಸೇರಿ ಮೂವರು ಸತ್ತರು, ಮಗು ಉಳಿಯಿತು. ತಂದೆ ರಿಚರ್ಡ್ ಬಡಗಿ. ಬಿಡುವಿನಲ್ಲಿ ದಡದಿಂದ ಸುರುಳಿಕಲ್ಲುಗಳನ್ನು ಹೆಕ್ಕಿ ಪ್ರವಾಸಿಗರಿಗೆ ಮಾರುತ್ತಿದ್ದ. ಫ್ರಾನ್ಸಿನೊಂದಿಗೆ ಯುದ್ಧ ನಡೆಯುತ್ತಿದ್ದುದರಿಂದ ಇಂಗ್ಲಿಷ್ ಸಿರಿವಂತರು ವಿಹಾರಕ್ಕೆ ತಮ್ಮದೇ ಕರಾವಳಿಯನ್ನು ನೆಚ್ಚಿಕೊಂಡಿದ್ದ ಕಾಲವದು. ಆ ಸುರುಳಿಕಲ್ಲುಗಳು ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಗಳು. ನಮ್ಮ ದೇವರಮನೆಗಳಲ್ಲಿ ಪೂಜೆಗೊಳ್ಳುವ ಗಂಡಕಿ ನದಿಯ ಸಾಲಿಗ್ರಾಮಗಳೂ ಇದೇ ವರ್ಗಕ್ಕೆ ಸೇರಿದವು. ಲೈಮ್‌ನ ಜನ ಅವನ್ನು ಕಲ್ಲಾದ ಹಾವುಗಳೆಂದು ಭಾವಿಸಿದ್ದರು.

ಗುಡ್ಡದಿಂದ ಬಿದ್ದು ಗಾಯಗೊಂಡಿದ್ದ, ಕ್ಷಯವೂ ತಗುಲಿದ್ದ ರಿಚರ್ಡ್ 1810ರಲ್ಲಿ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಸಾಲ. ಮರುವರ್ಷ ಅಣ್ಣ ಜೋಸೆಫ್‌ನಿಗೆ ನಾಲ್ಕು ಅಡಿ ಉದ್ದದ ವಿಚಿತ್ರ ತಲೆಬುರುಡೆಯೊಂದು ಸಿಕ್ಕಿತು. 1812ರಲ್ಲಿ ಅದರ ಮುಂಡದ ಭಾಗವನ್ನು ಮೇರಿ ಪತ್ತೆ ಹಚ್ಚಿದಳು. ಕೂಲಿಯಾಳುಗಳು ಅದನ್ನು ಅಗೆದು ತೆಗೆದರು. ಮೊಸಳೆಯಿರಬೇಕೆಂದು ಜನ ಊಹಿಸಿದರು. ಅದು ಇಕ್ತಿಯೋಸಾರ್ ಎಂಬ ಕಡಲ ಸರೀಸೃಪ. ಊರ ಜಮೀನ್ದಾರ ಅದನ್ನು ಸುಮಾರು 23 ಪೌಂಡ್‌ಗೆ ಕೊಂಡ. ಕೈದಾಟಿ ಕೈದಾಟಿ 1819ರಲ್ಲಿ ಅದು ಬ್ರಿಟಿಷ್ ಮ್ಯೂಸಿಯಂ ಸೇರಿತು.

ಶಾಲೆಯ ಓದು ಆಕೆಗೆ ಹೆಚ್ಚೇನೂ ದಕ್ಕಿರಲಿಲ್ಲ. ಸಿಕ್ಕ ವಿಜ್ಞಾನ ಲೇಖನಗಳನ್ನು ಕೈಯಾರೆ ನಕಲು ಮಾಡಿಕೊಂಡು ಕಲಿತಳು. ಮೀನುಗಳನ್ನು ಸೀಳಿ ಒಳರಚನೆ ನೋಡಿದಳು. ಆದರೂ ಆದಾಯ ಅನಿಶ್ಚಿತ. ತಿಂಗಳುಗಟ್ಟಲೆ ಹೇಳಿಕೊಳ್ಳುವಂಥದ್ದೇನೂ ಸಿಗದೆ ಸಂಸಾರ ಕಂಗೆಟ್ಟಾಗ ಥಾಮಸ್ ಬರ್ಚ್ ಎಂಬ ಸಂಗ್ರಾಹಕ 1820ರಲ್ಲಿ ತನ್ನ ಸಂಗ್ರಹವನ್ನೇ ಹರಾಜಿಗಿಟ್ಟು, ಬಂದ ಸುಮಾರು 400 ಪೌಂಡ್‌ಗಳನ್ನು ಆ ಕುಟುಂಬಕ್ಕೆ ಕೊಟ್ಟ. ಅಂಥ ಔದಾರ್ಯ ಆಕೆಯ ಗ್ರಾಹಕರಲ್ಲಿ ಅಪರೂಪ.

1823ರ ಡಿಸೆಂಬರ್‌ನಲ್ಲಿ ಮೇರಿಗೆ ಪ್ಲೀಸಿಯೋಸಾರ್‌ನ ಪೂರ್ಣ ಅಸ್ಥಿಪಂಜರ ದೊರಕಿತು. ಅದರ ನೀಳ ಕೊರಳನ್ನು ಚಿತ್ರದಲ್ಲಿ ಕಂಡ ಪ್ಯಾರಿಸ್‌ನ ಮಹಾವಿಜ್ಞಾನಿ ಜಾರ್ಜ್ ಕ್ಯೂವಿಯೇ ಬೇರೆ ಬೇರೆ ಪ್ರಾಣಿಗಳ ಮೂಳೆ ಜೋಡಿಸಿರಬಹುದೆಂದು ಶಂಕಿಸಿದ. ಈ ಮಾತು ನಿಜವೆಂದು ನಂಬಿದ್ದರೆ ಆಕೆಯ ವ್ಯಾಪಾರ ಅಲ್ಲಿಗೇ ಮುಗಿಯುತ್ತಿತ್ತು. 1824ರಲ್ಲಿ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿ ಅದನ್ನು ಚರ್ಚಿಸಿತು. ಮೂಳೆಗಳು ಅಸಲಿಯೆಂದು ಖಚಿತವಾಯಿತು, ಕ್ಯೂವಿಯೇ ತಪ್ಪು ಒಪ್ಪಿಕೊಂಡ. ಆದರೆ ಮಹಿಳೆಯರಿಗೆ ಸದಸ್ಯತ್ವವಿಲ್ಲದ ಆ ಸಭೆಯಲ್ಲಿ ವಿಲಿಯಂ ಕಾನಿಬೇರ್ ಪ್ರಬಂಧ ಮಂಡಿಸಿದಾಗ ಮೂಳೆ ಹೆಕ್ಕಿದವಳ ಹೆಸರು ಅದರಲ್ಲಿರಲಿಲ್ಲ.

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಎಲ್ಲಿ, ಯಾವ ಪದರದಲ್ಲಿ, ಯಾರಿಗೆ ಸಿಕ್ಕಿತೆಂಬ ವಿವರ ಕಳೆದರೆ ಪಳೆಯುಳಿಕೆಯ ಅರ್ಧ ಬೆಲೆ ಹೋದಂತೆ. ಆ ವಿವರವೆಲ್ಲ ಮೇರಿಯ ತಲೆಯಲ್ಲಿತ್ತು. 1828ರಲ್ಲಿ ಹಾರುವ ಸರೀಸೃಪವೊಂದರ ಅವಶೇಷವೂ ಆಕೆಗೆ ಸಿಕ್ಕಿತು. ಇಕ್ತಿಯೋಸಾರ್‌ಗಳ ಹೊಟ್ಟೆಯ ಭಾಗದಲ್ಲಿ ಕಾಣುವ ಉಂಡೆಕಲ್ಲುಗಳನ್ನು ಒಡೆದರೆ ಮೀನಿನ ಮೂಳೆಗಳಿರುವುದನ್ನು ಆಕೆ ಗಮನಿಸಿದ್ದಳು. ಅವು ಶಿಲೆಯಾದ ಮಲವೆಂದು ಆಕ್ಸ್‌ಫರ್ಡ್‌ನ ವಿಲಿಯಂ ಬಕ್‌ಲ್ಯಾಂಡ್ ಪ್ರತಿಪಾದಿಸಿದ. ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ ಮಾತ್ರ ಎರಡು ಮೀನು ಪ್ರಭೇದಗಳಿಗೆ ಆಕೆಯ ಹೆಸರಿಟ್ಟ.

ಕೂಡಿಟ್ಟ ಹಣವನ್ನು ಕಳೆದುಕೊಂಡ ಬಳಿಕ ಬಕ್‌ಲ್ಯಾಂಡ್‌ನ ಪ್ರಯತ್ನದಿಂದ ವರ್ಷಕ್ಕೆ 25 ಪೌಂಡ್ ಪಿಂಚಣಿ ದೊರೆಯಿತು. ಸ್ತನ ಕ್ಯಾನ್ಸರ್‌ನಿಂದ ನರಳಿ 1847ರ ಮಾರ್ಚ್ 9ರಂದು, 47ನೆಯ ವಯಸ್ಸಿನಲ್ಲಿ ಮೇರಿ ತೀರಿಕೊಂಡಳು. ಜಿಯಲಾಜಿಕಲ್ ಸೊಸೈಟಿಯ ಸದಸ್ಯರು 1850ರಲ್ಲಿ ಊರ ಚರ್ಚಿನಲ್ಲಿ ಆಕೆಯ ನೆನಪಿಗೆ ಬಣ್ಣದ ಗಾಜಿನ ಕಿಟಕಿ ಇರಿಸಲು ನೆರವಾದರು. ಮಹಿಳೆಯರಿಗೆ ಸೊಸೈಟಿಯ ಬಾಗಿಲು ತೆರೆದದ್ದು 1919ರಲ್ಲಿ.

2001ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ಕರಾವಳಿಯಲ್ಲಿ ಪಳೆಯುಳಿಕೆ ಹೆಕ್ಕಲು ಇಂದಿಗೂ ಅವಕಾಶವಿದೆ. ಹೆಕ್ಕದಿದ್ದರೆ ಕಡಲು ಕೊಂಡೊಯ್ಯುತ್ತದೆ ಎಂಬುದೇ ಕಾರಣ. ಇಳಿತದ ಸಮಯ ನೋಡಿಕೊಂಡು ಹೋಗಬೇಕು, ಗುಡ್ಡದ ಬುಡಕ್ಕೆ ಸರಿಯಬಾರದು, ಅನುಮತಿಯಿಲ್ಲದೆ ಗುಡ್ಡವನ್ನು ಅಗೆಯಬಾರದು, ದಡದಲ್ಲಿ ಉದುರಿದ್ದನ್ನಷ್ಟೇ ಎತ್ತಿಕೊಳ್ಳಬೇಕು. ವೈಜ್ಞಾನಿಕ ಮಹತ್ವದ್ದೇನಾದರೂ ಸಿಕ್ಕರೆ ಪಕ್ಕದ ಚಾರ್ಮತ್ ಊರಿನ ಕೇಂದ್ರದಲ್ಲಿ ದಾಖಲಿಸುವ ಪದ್ಧತಿಯಿದೆ. ಅದು ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ಎಂಬುದನ್ನು ಅಲ್ಲಿ ಬರೆದಿಟ್ಟುಕೊಳ್ಳುತ್ತಾರೆ.