ಎರಡು ಪರದೆ ಮತ್ತು ಹಳಕಟ್ಟಿಯವರು

ಇಳಕಲ್ಲಿನ ಗೆಳೆಯನ ಮನೆಯಲ್ಲಿ ಲ್ಯಾಪ್‌ಟಾಪಿಗೆ ಹಳೇ ಟಿವಿಯನ್ನ ಎಚ್‌ಡಿಎಂಐ ಕೇಬಲ್‌ನಿಂದ ಜೋಡಿಸಿದ್ವಿ. ವಿಂಡೋಸ್ ಕೀ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ ಆರಿಸಬೇಕು. ಡೂಪ್ಲಿಕೇಟ್ ಇಟ್ರೆ ಎರಡರಲ್ಲೂ ಒಂದೇ ಚಿತ್ರ. ಒಂದು ಪರದೆಯಲ್ಲಿ ಹಳೇ ವಚನ ಪುಸ್ತಕದ ಸ್ಕ್ಯಾನ್, ಇನ್ನೊಂದರಲ್ಲಿ ಕ್ಲಬ್ಬಿಗಾಗಿ ಟೈಪಿಂಗ್. ಅರ್ಧ ಗಂಟೆಗೇ ಸಾಕಾಯ್ತು. ಪುಸ್ತಕದ ಮೇಲೆ ಸಂಪಾದಕರ ಹೆಸರಿತ್ತು: ಫ.ಗು. ಹಳಕಟ್ಟಿ.

1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದ ಅವರು ವಿಜಯಪುರದಲ್ಲಿ ವಕೀಲರಾಗಿದ್ದರು. ಈಗ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿರುವ ಬನಹಟ್ಟಿಯ ಮನೆಯೊಂದರಲ್ಲಿ ವಚನಗಳ ಓಲೆಗರಿ ಕಂಡರು. ಆಮೇಲೆ ಊರೂರು ತಿರುಗಿ ಗರಿಯ ಕಟ್ಟುಗಳನ್ನ ಕೂಡಿಸಿದ್ರು. ಕಟ್ಟಿಂದ ಕಟ್ಟಿಗೆ ಪಾಠ ಬೇರೆ ಇರೋದು; ಎಲ್ಲ ಹೋಲಿಸಿ ಕೈಯಿಂದಲೇ ಬರೆದುಕೊಳ್ಳಬೇಕು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. ಅಚ್ಚಿನ ಕೆಲಸಕ್ಕಾಗಿ ಇದ್ದ ಮನೆಯನ್ನೂ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದ್ರು. ಮರುವರ್ಷ ಶಿವಾನುಭವ ಪತ್ರಿಕೆ ಶುರುವಾಯ್ತು. 1964ರಲ್ಲಿ ತೀರಿಕೊಂಡರು.

ನಾವು ತಪ್ಪಿದರೆ ಅನ್‌ಡೂ ಒತ್ತುತ್ತೇವೆ. ಅವರು ಬೇಸತ್ತು ಬಿಟ್ಟಿದ್ದರೆ ಎಷ್ಟೋ ಗರಿ ಹುಳದ ಪಾಲಾಗ್ತಿತ್ತು. ಅರ್ಧ ಗಂಟೆಗೇ ಎದ್ದಿದ್ದ ನಾವು ಮತ್ತೆ ಕೂತ್ವಿ.