ಯಂತ್ರಕ್ಕೆ ಎಡವೋದು ಕಲಿಸಿದ ಡಿಲ್ಲಾ

ಜೆ ಡಿಲ್ಲಾನ ಬೀಟ್ ಮೊದಲ ಸಲ ಕೇಳಿದಾಗ ನಾವೆಲ್ಲ ಫೈಲ್ ಸರಿಯಾಗಿ ಡೌನ್‌ಲೋಡ್ ಆಗಿಲ್ಲ ಅಂದ್ಕೊಂಡ್ವಿ. ಡ್ರಮ್ ಎಡವ್ತಾ ಬರ್ತಿತ್ತು, ಆದ್ರೂ ತಲೆ ತಾನಾಗೇ ಅಲ್ಲಾಡ್ತಿತ್ತು. ಆ ಎಡವಾಟ ಬೇಕಂತಲೇ ಮಾಡಿದ್ದು ಅಂತ ತಿಳಿದಿದ್ದು ಆಮೇಲೆ.

ಪೂರ್ತಿ ಹೆಸರು ಜೇಮ್ಸ್ ಡೆವಿಟ್ ಯಾನ್ಸಿ. ಹುಟ್ಟಿದ್ದು 1974ರ ಫೆಬ್ರವರಿ 7ರಂದು, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಕಾರು ಕಾರ್ಖಾನೆಗಳ ಊರು ಅದು. ಮೋಟೌನ್ ರೆಕಾರ್ಡ್ಸ್ ಹುಟ್ಟಿದ ಊರೂ ಹೌದು, ಆದರೆ ಡಿಲ್ಲಾ ಹುಟ್ಟೋ ಹೊತ್ತಿಗೆ ಆ ಕಂಪನಿ ಗಂಟುಮೂಟೆ ಕಟ್ಟಿ ಲಾಸ್ ಏಂಜಲೀಸ್ ಸೇರಿತ್ತು. ಅಪ್ಪ ಜಾಝ್ ಬೇಸ್ ವಾದಕರು, ಅಮ್ಮ ಮೊರೀನ್ ಆಪೆರಾ ಕಲಿತವರು. ಹೈಸ್ಕೂಲ್ ಗೆಳೆಯರಾದ ಟಿ3 ಮತ್ತು ಬಾಟಿನ್ ಜೊತೆ ಅವನು ಕಟ್ಟಿದ ಗುಂಪೇ ಸ್ಲಮ್ ವಿಲೇಜ್.

ಅದೇ ಬಡಾವಣೆಯಲ್ಲಿ ಆಂಪ್ ಫಿಡ್ಲರ್ ಅನ್ನೋ ಕೀಬೋರ್ಡ್ ವಾದಕ ಇದ್ದ. ತನ್ನ ಮನೆಯ ಎಂಪಿಸಿಯನ್ನು ಈ ಹುಡುಗನ ಕೈಗೆ ಕೊಟ್ಟವನು ಅವನೇ. ಎಂಪಿಸಿ ಅಂದ್ರೆ ರಬ್ಬರ್ ಪ್ಯಾಡ್‌ಗಳಿರೋ ಪೆಟ್ಟಿಗೆ. ಹಳೇ ರೆಕಾರ್ಡಿನ ತುಣುಕುಗಳನ್ನು ಅದರೊಳಗೆ ತುಂಬಿ, ಪ್ಯಾಡ್ ತಟ್ಟಿ ನುಡಿಸಬಹುದು.

ಇಲ್ಲಿ ಸ್ವಲ್ಪ ಲ್ಯಾಬ್ ಮಾತು. ಎಂಪಿಸಿ ಒಂದು ಬೀಟನ್ನು 96 ಭಾಗ ಮಾಡುತ್ತೆ. ನಿಮಿಷಕ್ಕೆ 90 ಬೀಟ್ ಇದ್ದರೆ ಒಂದು ಭಾಗ ಸುಮಾರು 7 ಮಿಲಿಸೆಕೆಂಡ್. ಕ್ವಾಂಟೈಸ್ ಆನ್ ಇದ್ದರೆ ನೀವು ಎಲ್ಲಿ ತಟ್ಟಿದ್ರೂ ಹತ್ತಿರದ ಗೆರೆಗೆ ಎಳೆದು ಕೂರಿಸುತ್ತೆ. ಡಿಲ್ಲಾ ಅದನ್ನು ಆಫ್ ಮಾಡ್ತಿದ್ದ, ಅಷ್ಟೇ ಅವನ ಗುಟ್ಟು ಅಂತ ಬಹಳ ಜನ ಹೇಳ್ತಾರೆ. ಅಷ್ಟೇ ಆಗಿದ್ದರೆ ನಮ್ಮ ಹಾಸ್ಟೆಲ್ ಮೆಸ್‌ನಲ್ಲಿ ಟೇಬಲ್ ಬಡಿಯೋರೆಲ್ಲ ಡಿಲ್ಲಾಗಳೇ! ಅವನು ಹೈ-ಹ್ಯಾಟನ್ನು ನೇರವಾಗಿ ಬಿಟ್ಟು, ಸ್ನೇರನ್ನು ಕೆಲವೇ ಭಾಗಗಳಷ್ಟು ಮುಂಚೆ ಬರುವಂತೆ ಜರುಗಿಸ್ತಿದ್ದ. ಅದಕ್ಕೆ ಆ ಯಂತ್ರದಲ್ಲೇ ಒಂದು ಸೌಲಭ್ಯ ಇತ್ತು. ಕಿಕ್ ಮಾತ್ರ ಕೈಯಲ್ಲಿ ತಟ್ಟಿದ ಹಾಗೆ ಸಡಿಲ. ಒಂದೇ ಹಾಡಿನಲ್ಲಿ ಎರಡು ಮೂರು ಗಡಿಯಾರ ಓಡಿದ ಹಾಗೆ. ತಪ್ಪಿನಷ್ಟೇ ಸಣ್ಣ ಅಂತರ, ಆದರೆ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ.

ಫಿಡ್ಲರ್ 1994ರಲ್ಲಿ ಅವನನ್ನು ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಗುಂಪಿನ ಕ್ಯೂ-ಟಿಪ್‌ಗೆ ಪರಿಚಯಿಸಿದ. ಮರುವರ್ಷವೇ ಫಾರ್ಸೈಡ್ ಗುಂಪಿನ ‘ರನ್ನಿನ್’ ಬಂತು. 1996ರ ಟ್ರೈಬ್ ಆಲ್ಬಮ್ಮಿನಲ್ಲೂ ಅವನ ಕೆಲಸ ಇದೆ, ಆದರೆ ಕವರ್ ಮೇಲಿದ್ದದ್ದು ದಿ ಉಮ್ಮಾ ಅನ್ನೋ ತಂಡದ ಹೆಸರು. ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಹಾಡು ಕೇಳಿದ ಎಷ್ಟೋ ಜನಕ್ಕೆ ಅವನ ಹೆಸರೇ ಗೊತ್ತಿರಲಿಲ್ಲ.

ಸಂಗೀತಗಾರರಿಗೆ ಮಾತ್ರ ಚೆನ್ನಾಗೇ ಗೊತ್ತಿತ್ತು. ರೂಟ್ಸ್ ಬ್ಯಾಂಡಿನ ಡ್ರಮ್ಮರ್ ಕ್ವೆಸ್ಟ್‌ಲವ್ ಮೊದಲೆಲ್ಲ ಯಂತ್ರದಷ್ಟು ನಿಖರವಾಗಿ ಬಾರಿಸೋಕೆ ಒದ್ದಾಡಿದವನು. ಡಿ'ಆಂಜೆಲೋನ 2000ದ ‘ವೂಡೂ’ ಆಲ್ಬಮ್ಮಿಗೆ ಬಾರಿಸುವಾಗ, ಡಿಲ್ಲಾನ ಯಂತ್ರ ಎಡವೋ ಹಾಗೆ ಎಡವೋದನ್ನು ಕಲಿತ. ಅದೇ ವರ್ಷ ಕಾಮನ್‌ಗೆ ಡಿಲ್ಲಾ ಮಾಡಿಕೊಟ್ಟ ‘ದಿ ಲೈಟ್’ ದೊಡ್ಡ ಹಿಟ್ ಆಯ್ತು.

2002ರಲ್ಲಿ ಟಿಟಿಪಿ ಅನ್ನೋ ಅಪರೂಪದ ರಕ್ತದ ಕಾಯಿಲೆ ಪತ್ತೆಯಾಯ್ತು, ಮುಂದೆ ಲೂಪಸ್ ಕೂಡ. ಲಾಸ್ ಏಂಜಲೀಸ್‌ಗೆ ಹೋಗಿ ನೆಲೆಸಿದ ಮೇಲೆ ಆಸ್ಪತ್ರೆಯೇ ಮನೆಯ ಹಾಗಾಯ್ತು. ಅಮ್ಮ ಡೆಟ್ರಾಯಿಟ್‌ನಿಂದ ಬಂದು ಪಕ್ಕದಲ್ಲೇ ಉಳಿದರು. 2005ರ ಕೊನೆಯಲ್ಲಿ ಅವನು ಯುರೋಪ್ ಪ್ರವಾಸ ಮಾಡಿದ್ದು ವೀಲ್‌ಚೇರಿನಲ್ಲಿ.

ಕೊನೆಯ ಆಲ್ಬಮ್ ‘ಡೋನಟ್ಸ್’ ಪೂರ್ತಿ ಆಸ್ಪತ್ರೆಯ ಹಾಸಿಗೆಯಲ್ಲೇ ಆಯ್ತು ಅನ್ನೋ ಕಥೆ ಪ್ರಚಾರದಲ್ಲಿದೆ. ನಮಗೆ ಆ ಕಥೆ ಅಷ್ಟು ಇಷ್ಟವಿಲ್ಲ. ಹೆಚ್ಚಿನ ಬೀಟ್‌ಗಳು ಅದಕ್ಕೂ ಮೊದಲೇ, ದಿನವೂ ಕೂತು ಮಾಡೋ ಅಭ್ಯಾಸದಲ್ಲಿ ಹುಟ್ಟಿದವು. ಕಾಯಿಲೆಯ ಕಥೆ ಹೇಳುವಾಗ ಆ ದುಡಿಮೆ ಮರೆತುಹೋಗುತ್ತೆ. ಒಟ್ಟು 31 ಟ್ರ್ಯಾಕ್, ಹೆಚ್ಚಿನವು ಒಂದೆರಡು ನಿಮಿಷ ಅಷ್ಟೇ. ಮೊದಲ ಟ್ರ್ಯಾಕಿನ ಹೆಸರೇ ‘ಔಟ್ರೋ’. ಕೊನೆಯದು ಮತ್ತೆ ಮೊದಲನೆಯದಕ್ಕೇ ಹೋಗಿ ಸೇರುತ್ತೆ, ಉದ್ದಿನವಡೆ ಥರ, ತುದಿ ಮೊದಲು ಯಾವುದೂ ಇಲ್ಲ.

ಆಲ್ಬಮ್ ಹೊರಬಂದಿದ್ದು 2006ರ ಫೆಬ್ರವರಿ 7ರಂದು, ಅವನ 32ನೇ ಹುಟ್ಟುಹಬ್ಬದ ದಿನ. ಮೂರು ದಿನ ಬಿಟ್ಟು, 10ನೇ ತಾರೀಖು, ಅವನು ತೀರಿಕೊಂಡ. ಅವನ ಎಂಪಿಸಿಯನ್ನು ಅಮ್ಮ ಕೊಟ್ಟುಬಿಟ್ಟರು. ಈಗ ಅದು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂನಲ್ಲಿದೆ.