ಸಂಜೆ ತರಗತಿಯಿಂದ ಶ್ವೇತಭವನಕ್ಕೆ: ಎಥೆಲ್ ಪೇನ್

ಅಮೆರಿಕಾ ದೇಶದ ಪತ್ರಿಕಾ ಚರಿತ್ರೆಯಲ್ಲಿ ಕಪ್ಪು ಜನರ ಪತ್ರಿಕೆಗಳದ್ದು ಒಂದು ಪ್ರತ್ಯೇಕ ಕಾಂಡ. ಆ ಪತ್ರಿಕಾಲೋಕದ ಪ್ರಥಮ ಮಹಿಳೆಯೆಂದು ಹೆಸರಾದವಳು ಎಥೆಲ್ ಲೋಯಿಸ್ ಪೇನ್. 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರನನ್ನು ಕೇಳಿದ ಒಂದು ಪ್ರಶ್ನೆಯಿಂದ ಆಕೆಯ ಹೆಸರು ದೇಶಕ್ಕೆಲ್ಲ ತಿಳಿಯಿತು. ಆಕೆಯನ್ನು ಕುರಿತ ಬರಹಗಳಲ್ಲಿ ಹೆಚ್ಚಿನವು ಆ ಪ್ರಶ್ನೆಯ ಸುತ್ತಲೇ ಸುಳಿಯುತ್ತವೆ. ಆಕೆ ಓದಿದ ಕಾಲೇಜಿನ ವಿಷಯ ಬಂದಾಗ ಮಾತ್ರ ಒಂದು ವಾಕ್ಯದಲ್ಲಿ ದಾಟಿಹೋಗುತ್ತವೆ. ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನ ಕಣ್ಣು ನಾಟುವುದು ಆ ಒಂದು ವಾಕ್ಯದ ಮೇಲೆಯೇ.

ಎಥೆಲ್ ಹುಟ್ಟಿದ್ದು 1911ರ ಆಗಸ್ಟ್ 14ರಂದು, ಷಿಕಾಗೋ ನಗರದಲ್ಲಿ. ಆಕೆಯ ಅಜ್ಜಂದಿರ ಕಾಲದವರೆಗೂ ಮನೆತನವು ಗುಲಾಮಗಿರಿಯನ್ನು ಕಂಡಿತ್ತು. ತಂದೆ ವಿಲಿಯಂ ಪೇನ್ ಪುಲ್‌ಮನ್ ಕಂಪನಿಯ ಪೋರ್ಟರು: ರಾತ್ರಿ ಪ್ರಯಾಣದ ರೈಲುಡಬ್ಬಿಗಳಲ್ಲಿ ಹಾಸಿಗೆ ಹಾಸುವುದು, ಪೆಟ್ಟಿಗೆ ಹೊರುವುದು, ಪ್ರಯಾಣಿಕರ ಷೂಗಳಿಗೆ ಪಾಲಿಷ್ ಹಚ್ಚುವುದು ಅವನ ಕೆಲಸ. ಆ ಕಾಲದಲ್ಲಿ ಈ ಕೆಲಸ ಕಪ್ಪು ಜನಕ್ಕೇ ಮೀಸಲು. ಆದರೆ ಇದೇ ಪೋರ್ಟರುಗಳು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ರಾಬರ್ಟ್ ಅಬಟ್ 1905ರಲ್ಲಿ ಹೊರಡಿಸಿದ ಷಿಕಾಗೋ ಡಿಫೆಂಡರ್ ಎಂಬ ವಾರಪತ್ರಿಕೆಯ ಕಟ್ಟುಗಳನ್ನು ರೈಲಿನಲ್ಲಿ ದಕ್ಷಿಣದ ರಾಜ್ಯಗಳಿಗೆ ಒಯ್ದು ಹಂಚುತ್ತಿದ್ದರು. ಅಲ್ಲಿಯ ಬಿಳಿಯ ಅಧಿಕಾರಿಗಳಿಗೆ ಆ ಪತ್ರಿಕೆಯೆಂದರೆ ಕಣ್ಣಿನ ಕಸ. ದಕ್ಷಿಣದ ದಬ್ಬಾಳಿಕೆಯನ್ನು ಬಿಟ್ಟು ಉತ್ತರಕ್ಕೆ ಬನ್ನಿರೆಂದು ಅದು ಕಪ್ಪು ಜನರನ್ನು ಕರೆಯುತ್ತಿತ್ತು. ಮುಂದೆ ಎಥೆಲ್ ದುಡಿದದ್ದು ಇದೇ ಪತ್ರಿಕೆಯಲ್ಲಿ.

ಆಕೆಗೆ ಹದಿನಾಲ್ಕು ತುಂಬಿದ ಮೇಲೆ ತಂದೆ ತೀರಿಕೊಂಡ. ಆರು ಮಕ್ಕಳ ಸಂಸಾರ ತಾಯಿ ಬೆಸ್ಸಿಯ ತಲೆಯ ಮೇಲೆ ಬಿತ್ತು. ಮನೆಯಲ್ಲಿ ಹಣವಿರಲಿಲ್ಲ, ಪುಸ್ತಕಗಳಿದ್ದವು. ತಾಯಿ ಮಕ್ಕಳನ್ನು ಕೂರಿಸಿಕೊಂಡು ಓದಿ ಹೇಳುತ್ತಿದ್ದಳು. ಎಥೆಲ್ ಓದಿದ ಲಿಂಡ್‌ಬ್ಲೋಮ್ ಪ್ರೌಢಶಾಲೆ ಬಿಳಿಯರ ಬಡಾವಣೆಯಲ್ಲಿತ್ತು. ಅಲ್ಲಿಗೆ ನಡೆದು ಹೋಗುವ ದಾರಿಯಲ್ಲಿ ಬೈಗುಳಗಳೂ ಕಲ್ಲುಗಳೂ ಎದುರಾಗುತ್ತಿದ್ದವು. ಶಾಲೆಯ ಪತ್ರಿಕೆಯ ಬಳಗದೊಳಗೆ ಕಪ್ಪು ಹುಡುಗಿಗೆ ಸ್ಥಳವಿರಲಿಲ್ಲ. ಆದರೂ ಆಕೆಯ ಬರಹದಲ್ಲಿ ಸತ್ವವಿದೆಯೆಂದು ಕಂಡುಕೊಂಡವಳು ಇಂಗ್ಲಿಷ್ ಕಲಿಸುತ್ತಿದ್ದ ಮಾರ್ಗರೆಟ್ ಡಿಕ್ಸನ್. ಈ ಉಪಾಧ್ಯಾಯಿನಿಯೇ ಅದಕ್ಕೆ ಮೊದಲು ಬೇರೊಂದು ಶಾಲೆಯಲ್ಲಿ ಅರ್ನೆಸ್ಟ್ ಹೆಮಿಂಗ್ವೇಗೂ ಪಾಠ ಹೇಳಿದ್ದವಳು. ಶಿಷ್ಯರ ವಿಷಯದಲ್ಲಿ ಇಂಥ ಭಾಗ್ಯ ನಮ್ಮ ವೃತ್ತಿಯಲ್ಲಿ ಎಷ್ಟು ಜನಕ್ಕೆ ಒದಗೀತು!

ವಕೀಲಳಾಗಿ ದುರ್ಬಲರ ಪರ ವಾದಿಸಬೇಕೆಂಬುದು ಹುಡುಗಿಯ ಆಸೆ. ಅದು ಕೈಗೂಡಲಿಲ್ಲ. ಶಾಲೆ ಮುಗಿಸಿದ ಆಕೆ ಸೇರಿದ್ದು ಕ್ರೇನ್ ಜ್ಯೂನಿಯರ್ ಕಾಲೇಜನ್ನು. ಇಲ್ಲಿ ವಾಚಕರಿಗೆ ಒಂದು ಮಾತು ಹೇಳಬೇಕು. ಜ್ಯೂನಿಯರ್ ಕಾಲೇಜೆಂದೊಡನೆ ನಮಗೆ ಪಿ.ಯು. ತರಗತಿಗಳು ನೆನಪಾಗುತ್ತವೆ, ಅಮೆರಿಕದ್ದು ಅದಲ್ಲ. ಷಿಕಾಗೋ ವಿಶ್ವವಿದ್ಯಾನಿಲಯದ ಮೊದಲ ಅಧ್ಯಕ್ಷನಾದ ವಿಲಿಯಂ ರೇನಿ ಹಾರ್ಪರ್, ಪದವಿಯ ನಾಲ್ಕು ವರ್ಷಗಳನ್ನು ಎರಡು ಎರಡಾಗಿ ಒಡೆದು ನೋಡಿದನು. ಮೊದಲಿನ ಎರಡು ವರ್ಷಗಳ ಸಾಮಾನ್ಯ ಶಿಕ್ಷಣವನ್ನು ಊರಿನಲ್ಲೇ, ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ ಪಡೆಯಬಹುದು. ಆಮೇಲೆ ಶಕ್ತಿಯುಳ್ಳವರು ವಿಶ್ವವಿದ್ಯಾನಿಲಯಕ್ಕೆ ಹೋಗಿ ಮೇಲಿನ ಎರಡು ವರ್ಷಗಳನ್ನು ಮುಗಿಸಬಹುದು. ಅವನ ಪ್ರೇರಣೆಯಿಂದ 1901ರಲ್ಲಿ ಜೋಲಿಯೆಟ್ ಎಂಬ ಊರಿನಲ್ಲಿ ಆರು ವಿದ್ಯಾರ್ಥಿಗಳೊಡನೆ ಇಂಥ ಕಾಲೇಜೊಂದು ಮೊದಲಾಯಿತು. ಇಂದು ಕಮ್ಯೂನಿಟಿ ಕಾಲೇಜು ಎನ್ನುವುದು ಇದರ ಸಂತತಿಯನ್ನೇ.

ಕ್ರೇನ್ ಕಾಲೇಜು ಹುಟ್ಟಿದ್ದು ಎಥೆಲ್ ಹುಟ್ಟಿದ 1911ರಲ್ಲಿಯೇ. ಸ್ವಂತ ಕಟ್ಟಡವಿಲ್ಲದೆ, ಅದೇ ಹೆಸರಿನ ತಾಂತ್ರಿಕ ಪ್ರೌಢಶಾಲೆಯೊಳಗೆ ಅದು ನಡೆಯುತ್ತಿತ್ತು. ನಗರದ ಮಕ್ಕಳಿಗೆ ಬೋಧನಾಶುಲ್ಕವಿಲ್ಲ. ವಲಸೆ ಬಂದ ಯೂರೋಪಿನವರ ಮಕ್ಕಳು, ಕೂಲಿಕಾರರ ಮಕ್ಕಳು ಅಲ್ಲಿ ಕಿಕ್ಕಿರಿದಿದ್ದರು. 1929ರ ಆರ್ಥಿಕ ಕುಸಿತದ ತರುವಾಯ ನಗರದ ಬೊಕ್ಕಸ ಬರಿದಾಯಿತು; 1933ರಲ್ಲಿ ಶಿಕ್ಷಣಮಂಡಲಿಯವರು ಆ ಕಾಲೇಜನ್ನು ಮುಚ್ಚಿಯೇ ಬಿಟ್ಟರು. ಖರ್ಚು ಉಳಿಸಬೇಕಾದಾಗ ಆಳುವವರ ಕೈ ಮೊದಲು ಬಡವರ ಕಾಲೇಜಿನ ಕಡೆಗೇ ಚಾಚುವುದು ಆ ದೇಶದ ವೈಶಿಷ್ಟ್ಯವೇನೂ ಅಲ್ಲ. ಜನ ಸುಮ್ಮನಿರಲಿಲ್ಲ. ಪ್ರತಿಭಟನೆ ಎದ್ದಿತು. ಮರುವರ್ಷ ನಗರದಲ್ಲಿ ಒಂದರ ಬದಲು ಮೂರು ಜ್ಯೂನಿಯರ್ ಕಾಲೇಜುಗಳು ತೆರೆದವು.

ಕ್ರೇನ್ ಬಿಟ್ಟ ಮೇಲೆ ಎಥೆಲ್ಲಳ ವಿದ್ಯಾಭ್ಯಾಸ ನೇರವಾದ ಹಾದಿಯಲ್ಲಿ ಸಾಗಲಿಲ್ಲ. ಗ್ಯಾರೆಟ್ ಎಂಬ ಕ್ರೈಸ್ತ ಧರ್ಮಶಿಕ್ಷಣ ಸಂಸ್ಥೆಯಲ್ಲಿ ಕೆಲಕಾಲ ಓದಿದಳು. ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಳು. ಹಗಲೆಲ್ಲ ದುಡಿದು, ಸಂಜೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಮೆಡಿಲ್ ಪತ್ರಿಕೋದ್ಯಮ ಶಾಲೆಯ ತರಗತಿಗಳಲ್ಲಿ ಕುಳಿತಳು. 1921ರಲ್ಲಿ ಸ್ಥಾಪಿತವಾದ ಆ ಶಾಲೆಗೆ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಸಂಪಾದಕನಾಗಿದ್ದ ಜೋಸೆಫ್ ಮೆಡಿಲನ ಹೆಸರು. ಸುದ್ದಿಯೆಂದರೇನು, ಅದನ್ನು ಹೇಗೆ ಜೋಡಿಸಬೇಕು, ಯಾವುದನ್ನು ಬಿಡಬೇಕು ಎಂಬ ಕಸುಬನ್ನು ಕಲಿಸುವ ಸ್ಥಳ ಅದು. ಆದರೆ ಅದನ್ನು ಕಲಿತುಬಂದ ಕಪ್ಪು ಹೆಣ್ಣಿಗೆ ನಗರದ ದೊಡ್ಡ ಪತ್ರಿಕೆಗಳಲ್ಲಿ ಮೇಜು ಕುರ್ಚಿ ಇಟ್ಟುಕೊಂಡು ಯಾರೂ ಕಾದಿರಲಿಲ್ಲ. ಕಲಿತ ವಿದ್ಯೆ ಕೆಲವು ವರ್ಷ ಆಕೆಯ ದಿನಚರಿ ಪುಸ್ತಕದೊಳಗೇ ಉಳಿಯಿತು. ಈ ನಡುವೆ, 1941ರಲ್ಲಿ, ಪುಲ್‌ಮನ್ ಪೋರ್ಟರುಗಳ ಸಂಘವನ್ನು ಕಟ್ಟಿದ ಫಿಲಿಪ್ ರ‍್ಯಾಂಡಾಲ್ಫನು ಯುದ್ಧೋದ್ಯಮಗಳಲ್ಲಿ ಕಪ್ಪು ಜನಕ್ಕೆ ಕೆಲಸ ದೊರೆಯಬೇಕೆಂದು ಹೂಡಿದ ಚಳವಳಿಯಲ್ಲಿ ಆಕೆಯೂ ದುಡಿದಳು.

1948ರಲ್ಲಿ ಆಕೆ ಜಪಾನಿಗೆ ಹೊರಟಳು. ಟೋಕಿಯೋದಲ್ಲಿ ಅಮೆರಿಕದ ಕಪ್ಪು ಸೈನಿಕರಿಗಾಗಿ ಇದ್ದ ಮನೋರಂಜನೆಯ ಕೂಟವೊಂದನ್ನು ನೋಡಿಕೊಳ್ಳುವ ಕೆಲಸ. ಸೈನ್ಯದಲ್ಲಿ ವರ್ಣಭೇದ ಕೂಡದೆಂದು ಅಧ್ಯಕ್ಷ ಟ್ರೂಮನ್ ಆಜ್ಞೆ ಹೊರಡಿಸಿದ್ದು ಆ ವರ್ಷವೇ. ಟೋಕಿಯೋದಲ್ಲಿ ಆ ಆಜ್ಞೆ ಕಾಗದದ ಮೇಲೆಯೇ ಇತ್ತು. ಕಂಡದ್ದನ್ನೆಲ್ಲ ಎಥೆಲ್ ಬರೆದಿಟ್ಟಳು: ಸೈನಿಕರ ಅವಮಾನ, ಅವರನ್ನು ನಂಬಿದ ಜಪಾನೀ ಹೆಂಗಸರ ಪಾಡು, ಅವರಿಗೆ ಹುಟ್ಟಿ ಯಾರಿಗೂ ಬೇಡವಾದ ಮಕ್ಕಳ ಗತಿ. 1950ರಲ್ಲಿ ಕೊರಿಯಾ ಯುದ್ಧದ ವರದಿಗೆಂದು ಬಂದ ಡಿಫೆಂಡರ್ ಪತ್ರಿಕೆಯ ಅಲೆಕ್ಸ್ ವಿಲ್ಸನ್ ಆ ಪುಟಗಳನ್ನು ಓದಿ, ಪತ್ರಿಕೆಗೆ ಕಳುಹಿಸಿದನು. ಅಚ್ಚಾದಾಗ ಸೇನಾಧಿಕಾರಿಗಳು ಕೆರಳಿದರು. ಓದುಗರು ಮುಗಿಬಿದ್ದು ಓದಿದರು. 1951ರಲ್ಲಿ ಆಕೆ ಊರಿಗೆ ಮರಳಿ ಅದೇ ಪತ್ರಿಕೆಯನ್ನು ಸೇರಿದಳು. ವಯಸ್ಸು ನಲವತ್ತರ ಸಮೀಪ. ಉಳಿದವರು ಉಪಸಂಪಾದಕರಾಗುವ ವಯಸ್ಸಿನಲ್ಲಿ ಈಕೆ ಹೊಸ ಬಾತ್ಮೀದಾರಳು.

1953ರಲ್ಲಿ ಪತ್ರಿಕೆ ಆಕೆಯನ್ನು ವಾಷಿಂಗ್ಟನ್ನಿಗೆ ಕಳುಹಿಸಿತು. ಶ್ವೇತಭವನದ ಪತ್ರಿಕಾಗೋಷ್ಠಿಗೆ ಪ್ರವೇಶವಿದ್ದ ಕಪ್ಪು ಪತ್ರಕರ್ತರು ಆಗ ಬೆರಳೆಣಿಕೆಯವರು. 1954ರ ಮೇ 17ರಂದು ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. ಜುಲೈ 7ರ ಗೋಷ್ಠಿಯಲ್ಲಿ ಎಥೆಲ್ ಎದ್ದು ನಿಂತು, ರಾಜ್ಯದಿಂದ ರಾಜ್ಯಕ್ಕೆ ಹೋಗುವ ರೈಲು ಬಸ್ಸುಗಳಲ್ಲಿ ಜನರನ್ನು ಬಣ್ಣದಿಂದ ಬೇರ್ಪಡಿಸುವುದು ನಿಲ್ಲುವಂತೆ ಸರ್ಕಾರ ಮಾಡುವುದೇ ಎಂದು ಕೇಳಿದಳು. ಐಸೆನ್‌ಹೋವರನ ಮುಖ ಬಿಗಿಯಿತು. ಯಾವುದೋ ಒಂದು ಗುಂಪಿನ ಪರವಾಗಿ ತಾನು ನಡೆಯತಕ್ಕವನಲ್ಲವೆಂಬ ಅರ್ಥದಲ್ಲಿ ಸಿಡುಕಿನಿಂದ ಉತ್ತರಿಸಿದನು. ಮರುದಿನ ಆ ಸಿಡುಕೇ ಸುದ್ದಿಯಾಯಿತು. ಅನಂತರದ ಗೋಷ್ಠಿಗಳಲ್ಲಿ ಅಧ್ಯಕ್ಷನ ದೃಷ್ಟಿ ಆಕೆ ಎತ್ತಿದ ಕೈಯ ಕಡೆಗೆ ಹರಿದದ್ದು ಅಪರೂಪ. ಆಕೆಯ ಮಾನ್ಯತೆಯನ್ನು ಕೆದಕಿ ನೋಡುವ ಯತ್ನವೂ ನಡೆಯಿತು.

ಈ ಪ್ರಸಂಗವನ್ನು ಧೈರ್ಯದ ಕತೆಯಾಗಿ ಹೇಳುವುದು ವಾಡಿಕೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಕೆ ಆರಿಸಿಕೊಂಡ ವಿಷಯ. ಕೇಳಬಹುದಾದ ಪ್ರಶ್ನೆಗಳು ನೂರಿದ್ದವು. ಪೋರ್ಟರನ ಮಗಳು ಕೇಳಿದ್ದು ರೈಲಿನ ವಿಷಯವನ್ನು. ತಂದೆ ಜೀವಮಾನವೆಲ್ಲ ಯಾವ ಗಾಡಿಯಲ್ಲಿ ಅನ್ಯರಿಗೆ ಹಾಸಿಗೆ ಹಾಸಿದನೋ ಆ ಗಾಡಿಯಲ್ಲಿ ತನ್ನ ಜನ ಎಲ್ಲಿ ಕೂರಬೇಕೆಂಬುದನ್ನು. 1955ರ ನವೆಂಬರಿನಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ಅಂಥ ಬೇರ್ಪಡಿಕೆಯನ್ನು ನಿಷೇಧಿಸಿತು. ಕಾರ್ಯರೂಪಕ್ಕೆ ಬರಲು ಇನ್ನೂ ಅನೇಕ ವರ್ಷ ಹಿಡಿಯಿತೆಂಬುದು ಬೇರೆ ಕತೆ.

ಆ ವರ್ಷದ ಏಪ್ರಿಲಿನಲ್ಲಿ ಆಕೆ ಇಂಡೋನೇಷಿಯದ ಬಾಂಡುಂಗಿನಲ್ಲಿದ್ದಳು. ನಮ್ಮ ನೆಹರೂ ಅವರೂ ಸೇರಿದಂತೆ ಏಷ್ಯಾ ಆಫ್ರಿಕಾಗಳ 29 ರಾಷ್ಟ್ರಗಳ ಪ್ರತಿನಿಧಿಗಳು ನೆರೆದ ಸಮ್ಮೇಳನವದು. ಬಿಳಿಯರಲ್ಲದ ಜನಾಂಗಗಳು ತಮ್ಮ ಮಾತನ್ನು ತಾವೇ ಆಡುವುದನ್ನು ಕಂಡು ಷಿಕಾಗೋದ ಓದುಗರಿಗೆ ಬರೆದಳು. ಮುಂದೆ ಮಾಂಟ್‌ಗಾಮೆರಿಯ ಬಸ್ ಬಹಿಷ್ಕಾರ, 1957ರಲ್ಲಿ ಘಾನಾದ ಸ್ವಾತಂತ್ರ್ಯೋತ್ಸವ, 1966-67ರಲ್ಲಿ ವಿಯೆಟ್ನಾಂ ಯುದ್ಧಭೂಮಿ. ಆಕೆಯ ದಿನಚರಿಯನ್ನು ಲೋಕಕ್ಕೆ ತೋರಿಸಿದ ಅಲೆಕ್ಸ್ ವಿಲ್ಸನ್ ಮಾತ್ರ 1957ರಲ್ಲಿ ಲಿಟಲ್ ರಾಕ್ ನಗರದಲ್ಲಿ ಶಾಲೆಯ ವರದಿಗೆ ಹೋಗಿ ಬಿಳಿಯರ ಗುಂಪಿನಿಂದ ಇಟ್ಟಿಗೆಯ ಪೆಟ್ಟು ತಿಂದನು. ಓಡದೆ, ಟೋಪಿಯನ್ನು ಸರಿಪಡಿಸಿಕೊಂಡು ನಡೆದನು. ಮೂರು ವರ್ಷಗಳಲ್ಲಿ ತೀರಿಕೊಂಡನು.

1972ರಲ್ಲಿ ಸಿ.ಬಿ.ಎಸ್. ಪ್ರಸಾರಸಂಸ್ಥೆಯ ವ್ಯಾಖ್ಯಾನಕಾರಳಾದಾಗ, ರಾಷ್ಟ್ರೀಯ ಜಾಲವೊಂದರಲ್ಲಿ ಆ ಸ್ಥಾನ ಪಡೆದ ಮೊದಲ ಕಪ್ಪು ಮಹಿಳೆ ಆಕೆ. ಕೊನೆಗಾಲದಲ್ಲಿ ಫಿಸ್ಕ್ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮವನ್ನು ಬೋಧಿಸಿದಳು. ಸಂಜೆಯ ತರಗತಿಗಳಲ್ಲಿ ಕುಳಿತು ಕಲಿತವಳು ಪ್ರಾಧ್ಯಾಪಕಿಯ ಪೀಠದಲ್ಲಿ ಕುಳಿತದ್ದನ್ನು ಓದಿದಾಗ ನನಗಾದ ಸಂತೋಷ, ಶ್ವೇತಭವನದ ಪ್ರಸಂಗವನ್ನು ಓದಿದಾಗಲೂ ಆಗಲಿಲ್ಲ.

1991ರ ಮೇ 28ರಂದು ವಾಷಿಂಗ್ಟನ್ನಿನಲ್ಲಿ ಆಕೆ ನಿಧನಳಾದಳು. ಮದುವೆಯಾಗಿರಲಿಲ್ಲ. 2002ರಲ್ಲಿ ಆಕೆಯ ಚಿತ್ರವುಳ್ಳ ಅಂಚೆಚೀಟಿ ಹೊರಬಂದಿತು. ಡಿಫೆಂಡರ್ ಪತ್ರಿಕೆಯ ಮುದ್ರಣ 2019ರಲ್ಲಿ ನಿಂತುಹೋಯಿತು. 2023ರಲ್ಲಿ ಶ್ವೇತಭವನದ ಪತ್ರಿಕಾ ಕೊಠಡಿಯ ಭಾಷಣಪೀಠಕ್ಕೆ, ಆಕೆಗಿಂತ ಮೊದಲೇ ಅಲ್ಲಿ ಪ್ರವೇಶ ಪಡೆದಿದ್ದ ಆಲಿಸ್ ಡನಿಗನ್ನಳ ಹೆಸರಿನ ಜೊತೆಗೆ ಆಕೆಯ ಹೆಸರನ್ನೂ ಇಟ್ಟರು. ಕ್ರೇನ್ ಕಾಲೇಜಿನ ಪರಂಪರೆಯಲ್ಲಿ ಬೆಳೆದ ಸಂಸ್ಥೆ 1969ರಲ್ಲಿ ಮಾಲ್ಕಂ ಎಕ್ಸ್ ಕಾಲೇಜೆಂದು ಹೆಸರು ಬದಲಿಸಿಕೊಂಡಿತು. ಷಿಕಾಗೋದ ಪಶ್ಚಿಮ ಭಾಗದಲ್ಲಿ ಈಗಲೂ ಅದು ಎರಡು ವರ್ಷದ ಪಾಠವನ್ನೇ ಹೇಳುತ್ತಿದೆ.